ಇನ್ನರ್ಧ ಯಾರ ದನಿ?

ಹರಾಜುಗಾರನಿಗೆ ದನಿ ಇರಲಿಲ್ಲ. ಗಂಟಲಲ್ಲಿ ಬೆಳೆದಿದ್ದ ಗಡ್ಡೆಯ ಜೊತೆಗೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದ್ದರು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ತರಕಾರಿ ಮಂಡಿಯಲ್ಲಿ ಮೈಕಿಲ್ಲದೆ ಊರಿಗೆಲ್ಲ ಕೇಳುವಂತೆ ಬೆಲೆ ಕೂಗುತ್ತಿದ್ದ ಮನುಷ್ಯ ಈಗ ಮೊಬೈಲಿನಲ್ಲಿ ಟೈಪ್ ಮಾಡಿ ಎದುರಿನವರ ಮೂಗಿನ ಮುಂದೆ ಹಿಡಿಯುತ್ತಿದ್ದ.

ಅವನ ದನಿ ಉಳಿದಿದ್ದದ್ದು ಒಂದೇ ಕಡೆ. ಆಸ್ಪತ್ರೆಯ ವಾಕ್ ಚಿಕಿತ್ಸಾ ವಿಭಾಗದಲ್ಲಿ, ಅವಳ ಮೇಜಿನ ಕೆಳಗಿನ ಕಂಪ್ಯೂಟರಿನಲ್ಲಿ.

ಅವಳು ಆ ವಿಭಾಗದ ಇಂಜಿನಿಯರ್. ಆಪರೇಷನ್ನಿಗೆ ಮುಂಚೆ ಅವನನ್ನು ಹೊರಗಿನ ಸದ್ದು ಬಾರದಂತೆ ಸ್ಪಂಜು ಬಡಿದ, ಒಂದು ಬದಿಗೆ ಗಾಜಿದ್ದ ಸಣ್ಣ ಕೋಣೆಯಲ್ಲಿ ದಿನಾ ಕೂರಿಸಿ ವಾಕ್ಯಗಳನ್ನು ಓದಿಸಿದ್ದಳು. ಅದರಿಂದ ಕಂಪ್ಯೂಟರು ಅವನ ದನಿ ಕಲಿಯಬೇಕು. ಆಮೇಲೆ ಅವನು ಟೈಪ್ ಮಾಡಿದ್ದನ್ನು ಮೊಬೈಲು ಅವನದೇ ದನಿಯಲ್ಲಿ ಹೇಳಬೇಕು.

“‘ಕಿಟಕಿಯ ಹೊರಗೆ ಗಾಳಿ ಬೀಸುತ್ತಿದೆ.’ ಇದನ್ನ ಯಾರಿಗೆ ಹೇಳ್ಲಿ?” ಎಂದು ಅವನು ಗಾಜಿನ ಆಚೆಯಿಂದ ಕೇಳಿದ್ದ.

“ಯಾರಿಗೂ ಬೇಡ. ಸುಮ್ನೆ ಓದಿ.”

“ಎದುರಿಗೆ ಗಿರಾಕಿ ಇಲ್ದೆ ನಾನು ಬಾಯಿ ಬಿಟ್ಟೋನೇ ಅಲ್ಲ, ಇಂಜಿನಿಯರಮ್ಮ. ನಿಮ್ಗೇ ಹೇಳ್ತೀನಿ, ಬೇಜಾರಾಗ್ಬೇಡಿ.”

ಗಾಳಿ ಬೀಸುವುದು, ಬಸ್ಸು ತಡವಾಗುವುದು, ಹಾಲು ಉಕ್ಕುವುದು, ಎಲ್ಲವನ್ನೂ ಅವನು ಅವಳ ಮುಖ ನೋಡಿಕೊಂಡೇ ಹೇಳಿದ. ಅವಳು ದನಿ ಅಳೆಯುವ ಮೀಟರಿನ ಮುಳ್ಳು ನೋಡುವವಳಂತೆ ತಲೆ ತಗ್ಗಿಸುತ್ತಿದ್ದಳು. ಮುಳ್ಳು ಕೆಂಪು ಗೆರೆ ದಾಟುತ್ತಿರಲಿಲ್ಲ. ಅವಳ ಕಿವಿಯ ಕೆಂಪು ದಾಟುತ್ತಿತ್ತು.

“ಒಂದು ನಗು ಇದೆ ನೋಡಿ, ಗಾಜಿನ ಹಿಂದೆ ಬಚ್ಚಿಟ್ಟಿದ್ದಾರೆ! ಎಷ್ಟಕ್ಕೆ ಬಿಡ್ತೀರಾ?”

“ಮಾರಾಟಕ್ಕಿಲ್ಲ. ಮುಂದಿನ ವಾಕ್ಯ.”

ಆ ದನಿ ಅವಳಿಗೆ ಇಷ್ಟವಾಗಿತ್ತು. ಎಷ್ಟು ಎಂದು ತಿಳಿದದ್ದು ಆಪರೇಷನ್ನಿನ ಮರುದಿನ. ವಾರ್ಡಿನ ಬಾಗಿಲಲ್ಲಿ ನಿಂತಾಗ ಅವನು ಅಭ್ಯಾಸಬಲದಿಂದ ಬಾಯಿ ತೆರೆದ, ಏನೂ ಬರಲಿಲ್ಲ. ಅವಳು ಮಾತ್ರೆಯ ಚೀಟಿ ಓದುವ ನೆಪದಲ್ಲಿ ಗೋಡೆಗೆ ತಿರುಗಿದಳು.

ಗಾಯ ಒಣಗಿದ ಮೇಲೆ ಅವನು ದಿನಾ ಬಂದು ಅವಳ ಪಕ್ಕ ಕೂರತೊಡಗಿದ. ವಿಭಾಗದ ಹಳೆಯ ಯಂತ್ರಕ್ಕೆ ಹೊಂದುವ ಪ್ರೋಗ್ರಾಂ ಸಿದ್ಧವಾಗಿ ಸಿಗುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆಲ್ಲ ಬಿಟ್ಟಿಯಾಗಿ ಹಂಚಿದ್ದ ಸೋರ್ಸ್ ಕೋಡ್ ತಂದು ಅವಳೇ ಕಂಪೈಲ್ ಮಾಡಬೇಕಿತ್ತು.

‘ಹಾಗಂದ್ರೆ?’ ಎಂದು ಅವನು ಟೈಪ್ ಮಾಡಿ ತೋರಿಸಿದ.

“ಅಂಗಡೀಲಿ ಹೊಲಿದಿಟ್ಟ ಅಂಗಿ ಇರತ್ತಲ್ಲ, ದುಡ್ಡು ಕೊಟ್ಟು ಹಾಕ್ಕೊಂಡು ಬರೋದು. ಇದು ಹಾಗಲ್ಲ. ಬಟ್ಟೆ ಕೊಡ್ತಾರೆ, ಅಳತೆ ಕೊಡ್ತಾರೆ. ಹೊಲ್ಕೊಳ್ಳೋದು ನಮ್ಮ ಹಣೆಬರಹ.”

‘ನೀವು ಹೊಲಿಯೋದ್ರಲ್ಲಿ ದಾರಕ್ಕಿಂತ ಬೈಗುಳ ಜಾಸ್ತಿ.’

ಅದು ನಿಜ. ಒಂದು ತುಣುಕು ಇಲ್ಲ ಎಂದು ಪ್ರೋಗ್ರಾಂ ಹಟ ಹಿಡಿಯುತ್ತಿತ್ತು. ತಂದುಕೊಟ್ಟರೆ ಅದರ ಅಣ್ಣ ಬೇಕು ಅನ್ನುತ್ತಿತ್ತು, ಅಣ್ಣ ಬಂದರೆ ಅತ್ತಿಗೆ. ಅವಳು ಹಲ್ಲು ಕಡಿಯುವಾಗ ಅವನು ಕೆನ್ನೆಗೆ ಕೈ ಕೊಟ್ಟು ಅವಳನ್ನೇ ನೋಡುತ್ತಿದ್ದ. “ಸ್ಕ್ರೀನ್ ಅಲ್ಲಿದೆ,” ಎಂದರೆ, ‘ಗೊತ್ತು’ ಎಂದು ಟೈಪ್ ಮಾಡಿ ಮತ್ತೆ ಅವಳನ್ನೇ ನೋಡುತ್ತಿದ್ದ.

ದನಿ ಕೊಡುವ ದಿನ ಅವನ ತಾಯಿಯೂ ಬಂದರು. ಒಳಗೆ ಬರಲೊಲ್ಲದೆ ಹೊರಗಿನ ಬೆಂಚಿನ ಮೇಲೆ ಸೆಟೆದು ಕೂತರು. ‘ಬೆಳಗ್ಗೆಯಿಂದ ಏನೂ ತಿಂದಿಲ್ಲ. ನಾನು ಕರೆದ ಮೇಲೇ ತಿಂತಾಳಂತೆ,’ ಎಂದು ಅವನು ತೋರಿಸಿದ.

ದನಿ ಸಿದ್ಧವಾಗಿತ್ತು. ಅವನ ಮೊಬೈಲಿಗೆ ಹೊಂದುವಂತೆ ಪ್ರೋಗ್ರಾಮಿನ ಹೊಸ ಆವೃತ್ತಿಯನ್ನು ಕಂಪೈಲ್ ಮಾಡುವುದೊಂದೇ ಬಾಕಿ. ಅದು ಅರ್ಧಕ್ಕೆ ನಿಂತಿತು. ಹಿಂದಿನ ಸಲದ ಅರೆಬೆಂದ ತುಣುಕುಗಳು ಹೊಸದಕ್ಕೆ ಅಂಟಿಕೊಂಡಿದ್ದವು. ಇದು ಅವಳು ನೂರು ಸಲ ಕಂಡ ರೋಗ. ಮದ್ದೂ ಗೊತ್ತಿತ್ತು.

ಅವನು ಕುರ್ಚಿ ಹತ್ತಿರ ಎಳೆದುಕೊಂಡು ಮೊಬೈಲು ಹಿಡಿದ. ‘ದನಿ ಬಂದ ಮೇಲೆ ಮೊದಲ ಮಾತು ಅಮ್ಮನಿಗೆ. ಎರಡನೇದು ನಿಮ್ಗೆ.’

“ಏನು ಮಾತು?”

‘ಟೈಪ್ ಮಾಡೋ ಮಾತಲ್ಲ.’

ಅವಳು ಅವನತ್ತ ತಿರುಗಿದಳು. ಅವನ ಕಣ್ಣಿನ ಕೆಳಗೆ ಹೊಸದಾಗಿ ಒಂದು ಗೆರೆ ಬಿದ್ದಿತ್ತು. ಅದನ್ನು ನೋಡುತ್ತಲೇ ಅವಳ ಬೆರಳುಗಳು ತಮ್ಮಷ್ಟಕ್ಕೆ ಆಜ್ಞೆಯನ್ನು ಬರೆದವು: ಸೋರ್ಸಿಗೆ ಸೇರದ್ದನ್ನೆಲ್ಲ ಅಳಿಸು, ಕೇಳಬೇಡ, ಅಳಿಸು. ಎಂಟರ್ ಒತ್ತಿದಳು.

ಸಾಲುಗಳು ಸರಸರ ಮೇಲೆ ಓಡಿದವು. ಮೊದಲು ಕಂಡದ್ದು ಅವನಿಗೆ. ಅವನು ಅವಳ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದ. ಅಳಿಸಿದ್ದರ ಸಾಲಿನಲ್ಲಿ ‘ಹರಾಜು’ ಎಂಬ ಫೋಲ್ಡರು ದಾಟಿಹೋಯಿತು. ಅವನ ದನಿಗೆ ಅವಳೇ ಇಟ್ಟ ಹೆಸರು.

ಅವಳು ಕಂಪ್ಯೂಟರಿನ ವೈರನ್ನು ಗೋಡೆಯಿಂದ ಕಿತ್ತಳು. ಫ್ಯಾನಿನ ಸದ್ದು ನಿಂತಿತು. ತಡವಾಗಿತ್ತು.

ಸೋರ್ಸು ತನ್ನ ಮಕ್ಕಳನ್ನು ಮಾತ್ರ ಗುರುತಿಟ್ಟುಕೊಂಡಿರುತ್ತದೆ. ಮಿಕ್ಕದ್ದು ಅದರ ಪಾಲಿಗೆ ಕಸ. ಪ್ರೋಗ್ರಾಂ ಅಲ್ಲೇ ಹುಡುಕುತ್ತದೆ ಎಂಬ ಅನುಕೂಲಕ್ಕೆ ಅವಳು ಅವನ ವಾಕ್ಯಗಳನ್ನೂ ಕಲಿತು ಮುಗಿದ ದನಿಯನ್ನೂ ಸೋರ್ಸಿದ್ದ ಫೋಲ್ಡರಿನೊಳಗೇ ಇಟ್ಟಿದ್ದಳು. ಪೊರಕೆ ಹಾಕಿದ್ದೂ ಅವಳೇ. ಡಿಸ್ಕು ಅಳಿಸಿದ್ದನ್ನು ಆಗಲೇ ಒರೆಸಿಬಿಡುವ ಜಾತಿಯದು.

‘ಕಾಪಿ?’ ಎಂದು ಅವನು ಟೈಪ್ ಮಾಡಿದ. ಬೆರಳು ತಪ್ಪಿ ಎರಡು ಸಲ ತಿದ್ದಿದ.

ಕಾಪಿ ಬೇಡವೆಂಬ ನಿಯಮ ಮಾಡಿದವಳೂ ಅವಳೇ. ರೋಗಿಯ ದನಿ ಎರಡು ಕಡೆ ಇದ್ದರೆ ಕದ್ದವರು ಅವನ ಬಾಯಲ್ಲಿ ಏನು ಬೇಕಾದರೂ ಹೇಳಿಸಬಹುದು ಎಂದು ವಾದಿಸಿ ಮೇಲಿನವರನ್ನು ಒಪ್ಪಿಸಿದ್ದಳು. ಅವನು ಪೆನ್‌ಡ್ರೈವ್ ತಂದಾಗಲೂ ವಾಪಸ್ಸು ಕಳಿಸಿದ್ದಳು.

“ಇಲ್ಲ,” ಎಂದಳು.

ಅವನು ಎದ್ದು ನಿಂತ, ಕೂತ, ಮತ್ತೆ ಎದ್ದ. ಕತ್ತಿನ ಬಟ್ಟೆ ಒಳಗೆ ಹೊರಗೆ ಜೋರಾಗಿ ಆಡುತ್ತಿತ್ತು. ಕೂಗಬೇಕಾದವನು ಕೂಗದೆ ಇರುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

“ತಾಳಿ,” ಎಂದಳು. “ಒಂದಿದೆ. ಇನ್‌ಸ್ಟಾಲ್ ಮಾಡಿದ್ದು.”

ವೈರು ಚುಚ್ಚಿ ಯಂತ್ರವನ್ನು ಮತ್ತೆ ಎಬ್ಬಿಸಿದಳು. ಇನ್‌ಸ್ಟಾಲ್ ಮಾಡುವುದೆಂದರೆ ಕಟ್ಟಿ ಮುಗಿಸಿದ್ದನ್ನು ಸೋರ್ಸಿನ ಜಾಗದಿಂದ ಎತ್ತಿ ಯಂತ್ರದ ಬೇರೆ ಕೋಣೆಯಲ್ಲಿಡುವುದು. ಪೊರಕೆ ಅಲ್ಲಿಗೆ ಹೋಗುವುದಿಲ್ಲ. ಅವನು ಮೊದಲ ದಿನ ಓದಿದ್ದಷ್ಟನ್ನೇ ಹಾಕಿ, ಪರೀಕ್ಷೆಗೆಂದು ಒಂದು ದನಿ ಕಟ್ಟಿ, ಅಲ್ಲಿಟ್ಟು ಮರೆತಿದ್ದಳು. ಹೇಗಿದೆ ಎಂದು ಸರಿಯಾಗಿ ಕೇಳಿಯೂ ಇರಲಿಲ್ಲ.

‘ಅಮ್ಮಾ, ಊಟ ಮಾಡು,’ ಎಂದು ಅವನು ಕೀಬೋರ್ಡಿನಲ್ಲಿ ಒತ್ತಿದ.

ಸ್ಪೀಕರು ಮಾತಾಡಿತು. ‘ಅಮ್ಮಾ’ ಎಂಬುದು ಅವನ ಎದೆಯಿಂದ ಹೊರಟು ಬೇರೆ ಯಾರದೋ ಸಣ್ಣ ಗಂಟಲಲ್ಲಿ ಮುಗಿಯಿತು. ‘ಊಟ’ ಹೆಣ್ಣು, ‘ಮಾಡು’ ಗಂಡು. ಅವನು ಕುರ್ಚಿ ಹಿಂದೆ ತಳ್ಳಿದ.

ಬಾಗಿಲಲ್ಲಿ ತಾಯಿ ನಿಂತಿದ್ದರು. “ಯಾರು ಮಾತಾಡಿದ್ದು?”

ಅವರು ಸ್ಪೀಕರಿನತ್ತ ಕೈ ತೋರಿಸಿದರು.

“ಇನ್ನೊಂದ್ಸಲ ಹೇಳ್ಸಿ.”

ಅವನು ಮತ್ತೆ ಒತ್ತಿದ. ತಾಯಿ ಸಂತೆಯಲ್ಲಿ ಮಡಕೆ ತಟ್ಟಿ ನೋಡುವವರಂತೆ ತಲೆ ವಾಲಿಸಿ ಕೇಳಿದರು.

“ಅರ್ಧ ನನ್ನ ಮಗ. ಇನ್ನರ್ಧ ಯಾರು?”

ನೆಲ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. “ನಾನು,” ಎಂದಳು. “ಇವರು ಬರೋ ಮುಂಚೆ ಮೆಷಿನ್ನಿಗೆ ಕಲಿಸೋಕೆ ನಾನೇ ಓದಿದ್ದೆ. ಮೊದಲ ದಿನ ಇವರ ವಾಕ್ಯ ಸಾಲ್ಲಿಲ್ಲ. ಮಿಕ್ಕಿದ್ದನ್ನ ನನ್ನಿಂದ ತಗೊಂಡಿದೆ.”

“ಪೂರ್ತಿ ಮಗ ಎಲ್ಲಿ?”

“ಅಳಿಸ್ಬಿಟ್ಟೆ. ಈಗ. ನನ್ನ ಕೈಯಾರೆ.”

ತಾಯಿ ಅವಳನ್ನು ನೋಡಿದರು, ಮಗನನ್ನು ನೋಡಿದರು, ಇಬ್ಬರ ಕುರ್ಚಿಗಳ ನಡುವೆ ಜಾಗವೇ ಇಲ್ಲದ್ದನ್ನೂ ನೋಡಿದರು. ಬೈಯಲಿಲ್ಲ. “ಈ ದನೀಲಿ ನನ್ನ ಕರೀಬೇಡ ಕಣೋ. ಬೆನ್ನು ತಟ್ಟು, ತಿರುಗ್ತೀನಿ, ಸಾಕು,” ಎಂದು ಹೊರಟುಹೋದರು.

ಎದ್ದು ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ ಅವನನ್ನು ಅವಳು ಹುಡುಕಿಕೊಂಡು ಹೋಗಿ ಕೆಳಗಿನ ಮೆಟ್ಟಿಲಲ್ಲಿ ನಿಂತಳು.

“ಬೈಯಿರಿ.”

ಅವನು ಬಹಳ ಹೊತ್ತು ಟೈಪ್ ಮಾಡಿದ, ಅಳಿಸಿದ, ಮತ್ತೆ ಮಾಡಿದ. ‘ಟೈಪ್ ಮಾಡಿ ಬೈದ್ರೆ ಬೈದಂಗಾಗಲ್ಲ. ಇಡೀ ತರಕಾರಿ ಮಂಡಿ ಅದುರೋ ಹಾಗೆ ಕೂಗ್ಬೇಕು ಅನ್ಸ್ತಿದೆ.’

“ನಾನು ಈ ಕೆಲಸ ಬಿಡ್ತೀನಿ. ನಿಮ್ಮ ಕಣ್ಣಿಗೆ ಬೀಳಲ್ಲ.”

‘ಆಮೇಲೆ ನಾನು ಯಾರ ಮೇಲೆ ಕೋಪ ಮಾಡ್ಕೊಳ್ಲಿ? ಗೋಡೆ ಮೇಲಾ?’

ಅವಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಮನಸ್ಸು ಇನ್ನೂ ಆ ಫೋಲ್ಡರಿನ ಸಾಲಿನಲ್ಲೇ ನಿಂತಿತ್ತು. “ಎರಡನೇ ಮಾತು ಏನಿತ್ತು?”

‘ಈಗ ಹೇಳಿದ್ರೆ ಕ್ಷಮಿಸಿದಂಗೆ ಕೇಳ್ಸತ್ತೆ. ಕ್ಷಮಿಸಿಲ್ಲ.’

“ಕ್ಷಮಿಸ್ಬೇಡಿ. ಹೇಳಿ.”

ಅವನು ಮೊಬೈಲನ್ನು ಜೇಬಿಗಿಟ್ಟ. ಅವಳ ಮುಖಕ್ಕೆ ನೇರ ನೋಡಿ ಬರೀ ತುಟಿಯಲ್ಲಿ ಹೇಳಿದ. ಸದ್ದಿಲ್ಲದ ಸಣ್ಣ ಮಾತು. ತುಟಿ ಓದುವುದು ಅವಳ ವಿಭಾಗದಲ್ಲಿ ಎಲ್ಲರಿಗೂ ಬರುತ್ತಿತ್ತು. ಆದರೂ, “ಇನ್ನೊಂದ್ಸಲ,” ಎಂದಳು. ಅವನು ಹೇಳಿದ.

ಅವಳು ಮೆಟ್ಟಿಲು ಹತ್ತಿ ಅವನ ಪಕ್ಕ ಕೂತಳು. “ನನಗೂ ಅಷ್ಟೇ. ಗಾಜಿನ ಈಚೆ ಕೂತಾಗಿಂದ. ಆದ್ರೆ ಈಗ ಒಪ್ಪಿದ್ರೆ ತಪ್ಪಿಗೆ ದಂಡ ಕಟ್ಟಿದಂಗೆ ಇರತ್ತೆ. ನಿಮ್ಗೆ ಹಾಗನ್ಸಲ್ವಾ?”

ಅವನು ಮೊಬೈಲು ತೆಗೆದ. ‘ಅನ್ಸತ್ತೆ. ಅದಕ್ಕೇ ಇವತ್ತು ಏನೂ ಒಪ್ಬೇಡ. ಕೋಪ ಇಳಿಯೋವರೆಗೂ ದಿನಾ ಬಂದು ನಿನ್ನ ಪಕ್ಕ ಕೂತ್ಕೋತೀನಿ.’

“ಇಳಿದ ಮೇಲೆ?”

‘ಆಮೇಲೂ ಬರ್ತೀನಿ. ಅಭ್ಯಾಸ ಆಗಿರತ್ತೆ.’

ಅವಳು ತನ್ನ ಕೈಯನ್ನು ಅವನ ಕೈಮೇಲೆ ಇಟ್ಟಳು. ಅವನು ತೆಗೆಯಲಿಲ್ಲ, ಹಿಡಿಯಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಡಿದ.

ಡಿಸ್ಕನ್ನು ಬಿಚ್ಚಿಸಿ ಬಲ್ಲವರ ಹತ್ತಿರವೆಲ್ಲ ತೋರಿಸಿದರು. ಹೋದದ್ದು ಅವನು ಓದಿದ ವಾಕ್ಯ ಸಾವಿರದ ಮುನ್ನೂರ ಏಳು, ಕಲಿತು ಮುಗಿದ ದನಿ ಒಂದು. ವಾಪಸ್ಸು ಬಂದದ್ದು ಒಂದೂ ಇಲ್ಲ.