ಬಿಚ್ಚಿದ ದಾರದ ಗುಂಗುರು

ಗಡಿಯಾರ ರಿಪೇರಿಯವರು ಮೊದಲ ಸಂಜೆ ಬಂದಾಗ ನಾನು ಅವರನ್ನು ವಾಪಸ್ ಕಳಿಸಲು ನೋಡಿದೆ.

"ಸರ್, ಲೈಬ್ರರಿ ಕೆಳಗಡೆ ಇದೆ. ಇದು ಕ್ರೋಶಾ ಕ್ಲಾಸು."

"ಗೊತ್ತು. ಸಾಕ್ಸ್ ಕಲಿಸ್ತೀರಂತಲ್ಲ."

"ಹೌದು. ಆದ್ರೆ ಸಾಕ್ಸು ಸ್ವಲ್ಪ ಕಷ್ಟ."

"ಕಲಿಸೋಕೆ ಮುಂಚೇನೇ ಹೆದರಿಸ್ತೀರಲ್ಲ," ಎಂದು ನಕ್ಕು, ಬೂಟು ಕಳಚಿ ಬಾಗಿಲ ಹೊರಗಿನ ಸ್ಟ್ಯಾಂಡಿನಲ್ಲಿಟ್ಟರು. ದಾರದ ಉಂಡೆಗಳು ನೆಲದ ಮೇಲೆ ಉರುಳಾಡುವುದರಿಂದ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಬರಿಗಾಲು. ಸ್ಟ್ಯಾಂಡಿನಲ್ಲಿ ಎಲ್ಲಕ್ಕಿಂತ ಚಿಕ್ಕ ಚಪ್ಪಲಿ ನನ್ನದು. ಅದರ ಪಕ್ಕದಲ್ಲೇ ಅವರು ತಮ್ಮ ಬೂಟನ್ನು ಇಟ್ಟರು. ಬೇರೆ ಜಾಗವೂ ಇತ್ತು.

ಇದನ್ನು ಆಗ ಗಮನಿಸಿದೆನೋ, ಆಮೇಲೆ ನೆನಪು ಮಾಡಿಕೊಂಡೆನೋ, ಈಗ ಖಾತ್ರಿಯಾಗಿ ಹೇಳಲಾರೆ.

ಕ್ಲಾಸು ನಿಜವಾಗಿ ನನ್ನದಲ್ಲ, ದೊಡ್ಡಮ್ಮನದು. ಅವಳ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದ್ದರಿಂದ ಹತ್ತು ವಾರದ ಕೋರ್ಸ್ ನನ್ನ ತಲೆಗೆ ಬಿದ್ದಿತ್ತು. ಹಗಲಲ್ಲಿ ನಾನು ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ಫೈಲು ಜೋಡಿಸುತ್ತೇನೆ. ಡಿಗ್ರಿಯನ್ನು ಸಂಜೆ ಕಾಲೇಜಿನಲ್ಲಿ, ಅರ್ಧ ತೂಕಡಿಸುತ್ತಾ ಮುಗಿಸಿದವಳು. ಕಲಿತವರ ಮುಂದೆ ಕೂತು ಅಭ್ಯಾಸವಿದೆಯೇ ಹೊರತು ಕಲಿಯುವವರ ಮುಂದೆ ನಿಂತು ಅಭ್ಯಾಸವಿಲ್ಲ.

"ನನ್ನ ಕೈ ಇನ್ನು ಮೊದಲಿನ ಹಾಗೆ ಆಗಲ್ಲ ಪುಟ್ಟಿ. ಕ್ಲಾಸು ನೀನೇ ಇಟ್ಕೊ," ಎಂದು ದೊಡ್ಡಮ್ಮ ಹೇಳಿದ್ದಳು. ಎಲ್ಲರೂ ಒಂದೊಂದು ಸಾಕ್ಸ್ ಮುಗಿಸಿದರೆ ಒಪ್ಪುತ್ತೇನೆ, ಒಬ್ಬರದು ಉಳಿದರೂ ನನಗೆ ಆ ಯೋಗ್ಯತೆ ಇಲ್ಲ ಎಂದಿದ್ದೆ.

ಇದ್ದವರೇ ನಾಲ್ವರು. ನಿವೃತ್ತ ನರ್ಸಮ್ಮ, ಒಂದೇ ಮನೆಯ ಇಬ್ಬರು ವಾರಗಿತ್ತಿಯರು, ಮತ್ತು ಇವರು.

ಅವರ ಕೈ ನೋಡಿ ನನಗೆ ಧೈರ್ಯ ಬಂದಿತ್ತು. ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ಹಿಡಿಯುವ ಬೆರಳುಗಳು. ದಿನವಿಡೀ ಭೂತಗನ್ನಡಿ ಸಿಕ್ಕಿಸಿಕೊಳ್ಳುವುದರಿಂದ ಬಲಗಣ್ಣಿನ ಸುತ್ತ ತೆಳುವಾದ ಬಳೆಯಂಥ ಗುರುತು. ನಾನು ಮಾತಾಡುವಾಗ ಆ ಬಳೆಯೊಳಗಿಂದ ಒಂದು ಕಣ್ಣು ಸ್ವಲ್ಪ ಹೆಚ್ಚೇ ಹತ್ತಿರದಿಂದ ನೋಡುತ್ತಿದೆ ಅನಿಸಿ, ಎಣಿಕೆ ತಪ್ಪುತ್ತಿತ್ತು.

ಬೆರಳ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗುವ ಸಾಕ್ಸ್ ಹೇಳಿಕೊಟ್ಟೆ. ಮೊದಲು ಪುಟ್ಟ ಉಂಗುರ, ಅದರಲ್ಲಿ ಎಂಟು ಕುಣಿಕೆ, ಆಮೇಲೆ ಸುತ್ತು ಸುತ್ತಿಗೂ ಹೆಚ್ಚಿಸುತ್ತಾ ಪಾದದ ಅಗಲಕ್ಕೆ ಬರಬೇಕು. ಯಾವ ಬಣ್ಣ ತರಲಿ ಎಂದು ಅವರು ಕೇಳಿದ್ದರು. ನನಗೆ ಇಷ್ಟವಾದ ಗಾಢ ಹಸಿರು ಹೇಳಿದ್ದೆ. ಮೂರನೇ ವಾರಕ್ಕೆ ಅವರ ಪಾದ ಎಲ್ಲರಿಗಿಂತ ಚೆನ್ನಾಗಿ ಬಂತು. ಆದರೆ ಅಳತೆ ತಪ್ಪಿತ್ತು.

"ಇದು ನಿಮ್ಮ ಕಾಲಿಗೆ ಹಿಡಿಸಲ್ಲ ಸರ್. ನಲವತ್ತನಾಲ್ಕು ಕುಣಿಕೆ ಅಂದ್ರೆ ತೀರಾ ಸಣ್ಣ."

"ನನ್ನ ಕಾಲಿಗೆ ಅಂತ ಯಾರು ಹೇಳಿದ್ರು?"

"ಮತ್ತೆ?"

"ಒಬ್ಬರಿಗೆ," ಎಂದರು, ಕೊಕ್ಕೆಯನ್ನೇ ನೋಡುತ್ತಾ. "ಅವರ ಕಾಲು ಯಾವಾಗ್ಲೂ ತಣ್ಣಗಿರುತ್ತೆ."

ನನ್ನೊಳಗೆ ಏನೋ ಒಂದು ಕುಣಿಕೆ ಜಾರಿತು. ಅದಕ್ಕೆ ಹೆಸರಿಡುವ ಹಕ್ಕು ನನಗಿಲ್ಲ ಎಂದುಕೊಂಡು, "ಒಳ್ಳೇದು" ಎಂದೆ. ಸಿಮೆಂಟು ನೆಲ ಅವತ್ತು ಬಹಳ ಕೊರೆಯುತ್ತಿತ್ತು. ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡೇ ಪಾಠ ಮುಗಿಸಿದೆ.

ನಾಲ್ಕನೇ ವಾರ ಹಿಮ್ಮಡಿಯ ಪಾಠ. ಅಲ್ಲಿಗೆ ಅವರು ನಿಂತುಬಿಟ್ಟರು.

ಪ್ರತಿ ವಾರ ಅದೇ ಹಸಿರು ಪಾದ, ಅದೇ ಹಿಮ್ಮಡಿಯ ಬಾಗಿಲು. "ಇಲ್ಲಿಂದ ಮುಂದೆ ಹೋಗ್ತಿಲ್ಲ ಟೀಚರ್." ಸಾಲುಗಳನ್ನು ಗಿಡ್ಡ ಮಾಡುತ್ತಾ ಬಟ್ಟಲಿನ ಹಾಗೆ ಬಾಗಿಸುವುದನ್ನು ತೋರಿಸಿದೆ. ಹಿಂದೊಂದು ಚೌಕದ ಪಟ್ಟಿ ಹೆಣೆದು ಅಕ್ಕಪಕ್ಕ ಕೂಡಿಸುವುದನ್ನು ತೋರಿಸಿದೆ. ಕೊನೆಗೆ ನನಗೆ ಪ್ರಿಯವಾದದ್ದನ್ನೂ ತೋರಿಸಿದೆ: ಹಿಮ್ಮಡಿಯ ಜಾಗದಲ್ಲಿ ಒಂದು ಸೀಳು ಬಿಟ್ಟು, ಸಾಕ್ಸನ್ನು ಕೊಳವೆಯ ಹಾಗೆ ಮುಗಿಸಿ, ಆಮೇಲೆ ಆ ಸೀಳಿಗೆ ಹಿಮ್ಮಡಿ ತುಂಬುವುದು.

"ಇದರಲ್ಲಿ ಏನು ಲಾಭ ಅಂದ್ರೆ, ಹಿಮ್ಮಡಿ ಸವೆದ್ರೆ ಅಷ್ಟನ್ನೇ ತೆಗೆದು ಹೊಸದು ಹಾಕ್ಬಹುದು. ಸಾಕ್ಸು ಹಾಗೇ ಉಳಿಯುತ್ತೆ."

"ಎಷ್ಟು ಸಲ ಹಾಕ್ಬಹುದು?"

"ಎಷ್ಟು ಸಲ ಬೇಕಾದ್ರೂ."

ಅವರು ಅದನ್ನು ತಮ್ಮ ಪುಟ್ಟ ಡೈರಿಯಲ್ಲಿ ಬರೆದುಕೊಂಡರು. ಇಷ್ಟಾದರೂ ಮುಂದಿನ ವಾರ ಅದೇ ಬಾಗಿಲು.

"ಅವರ ಸಾಕ್ಸು ಅವರ ಕೈಗಿಂತ ಟೀಚರ್ ಕೈಲೇ ಜಾಸ್ತಿ ಇರುತ್ತೆ," ಎಂದಳು ಕಿರಿಯ ವಾರಗಿತ್ತಿ.

"ನೀನು ನಿನ್ನದು ನೋಡ್ಕೊಳ್ಳೆ. ನಿನ್ನ ಸಾಕ್ಸಲ್ಲಿ ಕಾಲಲ್ಲ, ಕುಂಬಳಕಾಯಿ ತುಂಬಬಹುದು," ಎಂದಳು ಹಿರಿಯವಳು.

ನಾನು ನಗಲಿಲ್ಲ. ಊಟದ ಬಿಡುವಿನಲ್ಲಿ ಆಸ್ಪತ್ರೆಯ ಹಳೇ ಫಾರಂಗಳ ಹಿಂದೆ ಹಿಮ್ಮಡಿಯ ಚಿತ್ರ ಬರೆಯುತ್ತಿದ್ದೆ. ಇನ್ನೆಷ್ಟು ಸುಲಭ ಮಾಡಿ ಹೇಳಲಿ? ಕಾಲು ತಣ್ಣಗಿರುವ ಆ ಯಾರೋ ಹೆಂಗಸಿಗೆ ನನ್ನ ದಡ್ಡತನದಿಂದ ಸಾಕ್ಸ್ ತಪ್ಪಬಾರದು. ಇದು ಮನಸ್ಸಾಕ್ಷಿಯ ಮಾತು. ಉಳಿದ ಮಾತನ್ನು ನಾನು ಮನಸ್ಸಿನ ಹತ್ತಿರ ಕೇಳಲಿಲ್ಲ.

ಒಂಬತ್ತನೇ ವಾರ ಎಲ್ಲರೂ ಹೊರಡುವ ಹೊತ್ತಿಗೆ ಅವರ ದಾರದ ಉಂಡೆ ತೊಡೆಯಿಂದ ಜಾರಿ, ಬಾಗಿಲು ದಾಟಿ, ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಹಾರುತ್ತಾ ಕೆಳಗೆ ಹೋಯಿತು. ಉಳಿದವರು ನಗುತ್ತಾ ಅದನ್ನು ದಾಟಿಕೊಂಡು ಇಳಿದರು. ನಾನು ಹಿಂದೆಯೇ ಹೋಗಿ ಉಂಡೆ ಎತ್ತಿಕೊಂಡು, ಬಿಚ್ಚಿಹೋದ ದಾರವನ್ನು ಸುತ್ತುತ್ತಾ ಮೇಲೆ ಹತ್ತಿದೆ. ದಾರದ ಇನ್ನೊಂದು ತುದಿ ಅವರ ಕೈಯಲ್ಲಿತ್ತು.

ಎರಡನೇ ಮೆಟ್ಟಿಲಲ್ಲಿ ನನ್ನ ಬೆರಳು ನಿಂತಿತು.

ದಾರ ನೆಟ್ಟಗಿರಲಿಲ್ಲ. ಒಮ್ಮೆ ಹೆಣೆದು ಬಿಚ್ಚಿದ ದಾರ ಜಡೆ ಬಿಚ್ಚಿದ ಕೂದಲಿನ ಹಾಗೆ, ಗುಂಗುರು ಬಿಡುವುದಿಲ್ಲ. ಹಿಮ್ಮಡಿಯಷ್ಟೇ ಹೆಣೆದು ಬಿಚ್ಚಿದ್ದರೆ ನಾಲ್ಕಾರು ಮಾರು ಗುಂಗುರು ಇರಬೇಕು. ಇಲ್ಲಿ ಇಡೀ ಮೆಟ್ಟಿಲ ಸಾಲು ಗುಂಗುರು. ಕೆಳಗಿನ ತುದಿಯಲ್ಲಂತೂ ಇರುವೆ ಹೆಜ್ಜೆಯಷ್ಟು ಸಣ್ಣ, ಒತ್ತೊತ್ತಾದ ಅಲೆ. ಆ ಅಲೆ ಒಂದೇ ಹೆಣಿಗೆಯಿಂದ ಬರುತ್ತದೆ, ಸಾಕ್ಸಿನ ಕಟ್ಟಕಡೆಗೆ ಹಾಕುವ ಬಿಗಿ ಪಟ್ಟಿಯಿಂದ.

"ನೀವು ಇದನ್ನ ಮುಗಿಸಿದ್ರಿ," ಎಂದೆ.

ಅವರು ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದರು. ಸುಳ್ಳು ಹೇಳಲು ಒಂದು ಕ್ಷಣ ನೋಡಿದರು, ಆಗಲಿಲ್ಲ.

"ಹೂಂ."

"ಎಷ್ಟು ಸಲ?"

"ಐದು."

"ಅಂದ್ರೆ ನಾನು ಹೇಳಿಕೊಟ್ಟಿದ್ದು ಅರ್ಥ ಆಗಿತ್ತಾ?"

"ಮೊದಲನೇ ಸಲಾನೇ."

ಮೊದಲು ಬಂದದ್ದು ಸಮಾಧಾನ. ಅದರ ಬೆನ್ನಿಗೇ ಸಿಟ್ಟು, ಎಲ್ಲಿತ್ತೋ ಅಷ್ಟೊಂದು.

"ಆರು ವಾರದಿಂದ ನಾನು ಊಟ ಬಿಟ್ಟು ನಿಮಗೋಸ್ಕರ ಚಿತ್ರ ಬರೀತಿದೀನಿ. ನನಗೆ ಕಲಿಸೋಕೆ ಬರಲ್ಲ ಅಂತ ದೊಡ್ಡಮ್ಮನಿಗೆ ಕ್ಲಾಸೇ ಬೇಡ ಅನ್ನೋಳಿದ್ದೆ. ನಿಮಗೆ ಆಟ."

ಅವರ ಮುಖ ಬಿಳಿಚಿಕೊಂಡಿತು. "ಅದು ನನಗೆ ಹೊಳೀಲೇ ಇಲ್ಲ. ಬಿಚ್ಚಿದ್ರೆ ನನ್ನ ಕೆಲಸ ಮಾತ್ರ ಹಾಳಾಗುತ್ತೆ ಅಂದ್ಕೊಂಡಿದ್ದೆ."

"ಆ ಒಬ್ಬರು ಕಾಯ್ತಿರ್ತಾರಲ್ವಾ?"

"ಅವರಿಗೆ ಗೊತ್ತೇ ಇಲ್ಲ."

ಉಂಡೆಯನ್ನು ಅವರ ಕೈಗಿಟ್ಟೆ. "ಮುಂದಿನ ವಾರ ಕೊನೇ ಕ್ಲಾಸು. ಮುಗಿಸ್ಕೊಂಡು ಬನ್ನಿ," ಎಂದು ಫೈಲು ಮುಚ್ಚುವ ಧ್ವನಿಯಲ್ಲಿ ಹೇಳಿ ಒಳಗೆ ಹೋದೆ. ಅವರ ಬೂಟಿನ ಸದ್ದು ಇಳಿದು ಹೋಗುವವರೆಗೂ ಕುರ್ಚಿ ಸರಿಸುವ ನಾಟಕ ಮಾಡಿದೆ.

ಮನೆಯಲ್ಲಿ ದೊಡ್ಡಮ್ಮ ಎಲ್ಲ ಕೇಳಿ, ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟುಕೊಂಡಳು.

"ಐದು ಸಲ ಮುಗಿಸಿ ಐದು ಸಲ ಬಿಚ್ಚಿದಾನೆ ಅಂದ್ರೆ, ಅವನಿಗೆ ಸಾಕ್ಸು ಮುಗಿಯೋದು ಬೇಡ ಅಂತ ತಾನೇ?"

"ಯಾಕೆ ಬೇಡ?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೆ? ನಲವತ್ತನಾಲ್ಕು ಕುಣಿಕೆ ಅಂದ್ಯಲ್ಲ. ನಿನ್ನ ಕಾಲಿಗೆ ನಾನು ಎಷ್ಟು ಹಾಕ್ತಿದ್ದೆ?"

ನಲವತ್ತನಾಲ್ಕು ಕುಣಿಕೆಯ ಕಾಲು ಎಷ್ಟು ಜನಕ್ಕಿಲ್ಲ? ಹಾಗೆಂದು ವಾರವಿಡೀ ನನಗೆ ನಾನೇ ಹೇಳಿಕೊಂಡೆ. ಬುಧವಾರ, ಜನ್ಮದಲ್ಲಿ ಮೊದಲ ಸಲ, ಒಂದು ಫೈಲನ್ನು ತಪ್ಪು ಕಪಾಟಿನಲ್ಲಿಟ್ಟೆ.

ಕೊನೆಯ ಕ್ಲಾಸಿಗೆ ಅವರು ತಡವಾಗಿ ಬಂದರು. ಬರುವುದಿಲ್ಲ ಎಂದು ನಾನು ನಿರ್ಧರಿಸಿ ಆಗಿತ್ತು. ನರ್ಸಮ್ಮ, ವಾರಗಿತ್ತಿಯರು ತಮ್ಮ ಸಾಕ್ಸ್ ತೋರಿಸಿ, ಒಬ್ಬರದನ್ನೊಬ್ಬರು ಆಡಿಕೊಂಡು ಹೊರಟಿದ್ದರು. ಲೆಕ್ಕಕ್ಕಿಂತ ಬೇಗ ಹೊರಟರೆಂದು ಈಗ ಅನ್ನಿಸುತ್ತದೆ. ನನ್ನನ್ನು ಕರೆದೊಯ್ಯಲು ಬಂದ ದೊಡ್ಡಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿದ್ದಳು.

ಅವರು ಚೀಲದಿಂದ ಸಾಕ್ಸ್ ತೆಗೆದು ಮೇಜಿನ ಮೇಲಿಟ್ಟರು. ಮುಗಿದಿತ್ತು. ದಾರ ಮಾತ್ರ ಕತ್ತರಿಸಿರಲಿಲ್ಲ.

ಹಿಮ್ಮಡಿ ನೋಡಿದೆ. ಸೀಳು ಬಿಟ್ಟು ಆಮೇಲೆ ತುಂಬಿದ್ದು, ನನಗೆ ಪ್ರಿಯವಾದದ್ದು. ಎಲ್ಲೂ ಒಂದು ತೂತಿಲ್ಲ.

"ಕ್ಲಾಸು ಮುಗಿದ್ರೆ ಇಲ್ಲಿಗೆ ಬರೋಕೆ ನನಗೆ ಬೇರೆ ಕಾರಣ ಇರ್ಲಿಲ್ಲ," ಎಂದರು. "ಅದಕ್ಕೇ ಬಿಚ್ತಾ ಇದ್ದೆ. ನೀವು ನಿಮ್ಮನ್ನೇ ಬೈಕೊಳ್ತಿದೀರ ಅಂತ ಗೊತ್ತಿದ್ದಿದ್ರೆ ನಾಲ್ಕನೇ ವಾರಾನೇ ಮುಗಿಸಿ ಹೋಗಿಬಿಡ್ತಿದ್ದೆ."

"ಅಳತೆ ಎಲ್ಲಿಂದ ತಗೊಂಡ್ರಿ?"

"ಹೊರಗೆ ಚಪ್ಪಲಿ ಇತ್ತಲ್ಲ. ಪ್ರತಿ ವಾರ ಅದರ ಪಕ್ಕದಲ್ಲೇ ಬೂಟು ಇಡ್ತಿದ್ದೆ."

ನಾನು ಕೂತು ಸಾಕ್ಸ್ ಹಾಕಿಕೊಂಡೆ. ಬೆರಳಿಗೆ ಸರಿ, ಪಾದಕ್ಕೆ ಸರಿ. ಹಿಮ್ಮಡಿ ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ನನ್ನ ಕಾಲಿಂದ ಒಂದು ಹಸಿರು ದಾರ ಅವರ ಚೀಲದವರೆಗೆ ಹೋಗಿತ್ತು. ಹಾಗೇ ಇರಲಿ ಅನಿಸಿತು. ಆದರೆ ನಡೆಯಬೇಕಲ್ಲ.

"ಹಿಮ್ಮಡಿ ಸವೆದಾಗೆಲ್ಲ ಹೊಸದು ಹಾಕಿಕೊಡ್ತೀನಿ," ಎಂದರು ಮೆಲ್ಲಗೆ. "ಎಷ್ಟು ಸಲ ಬೇಕಾದ್ರೂ."

ಕತ್ತರಿ ಎತ್ತಿಕೊಂಡೆ. ದಾರ ಕತ್ತರಿಸಿದೆ. ಇನ್ನು ಎಳೆದರೂ ಬಿಚ್ಚದ ಹಾಗೆ ತುದಿಯನ್ನು ಕೊನೆಯ ಕುಣಿಕೆಯಲ್ಲಿ ತೂರಿಸಿ ಬಿಗಿದೆ.

"ಅಲ್ಲಪ್ಪ," ಎಂದಳು ದೊಡ್ಡಮ್ಮ ಬಾಗಿಲ ಬಳಿಯಿಂದ, "ಕಾಲು ಎರಡಿದೆ. ಇನ್ನೊಂದಕ್ಕೆ ಎಷ್ಟು ವಾರ?"

"ಬೇಗ ಮುಗಿಸ್ತೀನಿ ದೊಡ್ಡಮ್ಮ."

ಅವರು ಹೇಳಿದ 'ದೊಡ್ಡಮ್ಮ' ನನ್ನ ಕಿವಿಯಲ್ಲೇ ಸ್ವಲ್ಪ ಹೊತ್ತು ಉಳಿಯಿತು. ಒಂದು ಕಾಲು ಬೆಚ್ಚಗಿತ್ತು, ಇನ್ನೊಂದು ಸಿಮೆಂಟಿನ ಮೇಲೆ ತಣ್ಣಗೆ ಕಾಯುತ್ತಿತ್ತು.

"ಅವಸರ ಏನೂ ಇಲ್ಲ," ಎಂದೆ. "ಮನೆಗೆ ಬಂದು ಹೆಣೀರಿ. ಆ ದಾರ ಬಿಚ್ಚಲೇಬೇಕು ಅನಿಸಿದ್ರೆ ನನ್ನ ಎದುರಿಗೇ ಕೂತ್ಕೊಳ್ಳಿ. ನಾನು ಉಂಡೆ ಸುತ್ತಿಕೊಡ್ತೀನಿ."