ಹನ್ನೊಂದು ಹೆಸರಿನ ಫಲಕ

ಸಂಜೆಯೊಳಗೆ ಫಲಕ ಮೇಲೆ ಬರಲೇಬೇಕಿತ್ತು. ರಾತ್ರಿ ಜೋರು ಮಳೆಯಂತೆ. ಹಂಬರ್ ನದಿಯ ಮಂಜುಗಡ್ಡೆ ಒಡೆದರೆ ಅದು ಕೈತಪ್ಪಿದಂತೆಯೇ.

ವುಡ್‌ಬ್ರಿಡ್ಜಿನ ಫೌಂಡ್ರಿಯ ಹಿಂದಿನ ಕಣಿವೆಗೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುತ್ತಿದ್ದ ಮಡಿವಾಳಪ್ಪನ ಮೈ ಉರಿಯುತ್ತಿತ್ತು. ಬೆಳಗಾವಿಯಲ್ಲಿ ಹದಿನೈದು, ಈ ಪರದೇಶದಲ್ಲಿ ಹತ್ತು ವರ್ಷ ಎರಕದ ಅಚ್ಚು ಕಟ್ಟಿದ ಕೈ ಅವನದು. ಹೊಸ ಸೂಪರ್‌ವೈಸರ್ ಸತ್ಯಪ್ರಕಾಶ್ ಗೋಡೆ ಸ್ವಚ್ಛ ಮಾಡಿಸುವ ನೆಪದಲ್ಲಿ ಜೊತೆ ಕೆಲಸದ ಮುದುಕ ಗೆನ್ನಾದಿಯ ಫಲಕವನ್ನು ಇಲ್ಲಿಗೆ ಉರುಳಿಸಿಬಿಟ್ಟಿದ್ದ. "ಹಳೇ ಸ್ಕ್ರ್ಯಾಪ್ ಕಣ್ರೀ, ಅದಕ್ಯಾಕೆ ಇಷ್ಟು ರಂಪ?" ಎಂದಿದ್ದ.

ಸ್ಕ್ರ್ಯಾಪಂತೆ! ಗೆನ್ನಾದಿ ರಷ್ಯಾದ ಉರಾಲ್ ಬೆಟ್ಟಗಳ ಕಡೆಯವನು. ಮುನ್ನೂರು ವರ್ಷಗಳ ಹಿಂದೆ ಅಲ್ಲಿ ಊರೇ ಇರಲಿಲ್ಲ. ಒಬ್ಬ ಧಣಿ ಹೊಳೆಗೆ ಅಣೆಕಟ್ಟು ಹಾಕಿಸಿ, ಕಬ್ಬಿಣದ ಕುಲುಮೆ ಹೂಡಿ, ದೂರದ ಹಳ್ಳಿಗಳ ಜೀತದ ರೈತರನ್ನು ಸಂಸಾರ ಸಮೇತ ಎಳೆತಂದ. ಕುಲುಮೆಯ ಸುತ್ತ ಗುಡಿಸಲು, ಇಗರ್ಜಿ, ಸಂತೆ ಬೆಳೆದು ಊರಾಯಿತು. ಚೌಕದಲ್ಲಿ ಧಣಿಯ ವಿಗ್ರಹ ನಿಂತಿತು. ಅಣೆಕಟ್ಟು ಕಟ್ಟುವಾಗ ಅದರಡಿ ಸಿಕ್ಕಿ ಸತ್ತ ಹನ್ನೊಂದು ಜನರ ಹೆಸರು ಯಾವ ದಫ್ತರಕ್ಕೂ ಸೇರಲಿಲ್ಲ. ಜೊತೆಗಾರರು ಕದ್ದುಮುಚ್ಚಿ ಅವನ್ನು ಕಬ್ಬಿಣದಲ್ಲಿ ಎರಕ ಹೊಯ್ದರು. ಹೆಸರು ಉಳಿದದ್ದು ಆ ಒಂದೇ ಫಲಕದಲ್ಲಿ. ವಲಸೆ ಬರುವಾಗ ಗೆನ್ನಾದಿ ಅದನ್ನು ಜೊತೆಗೆ ತಂದು ಫೌಂಡ್ರಿಯ ಗೋಡೆಗೆ ಹಾಕಿದ್ದ.

ಮೇಲೆ ಗೆನ್ನಾದಿ ಹಗ್ಗವನ್ನು ಮರಕ್ಕೆ ಸುತ್ತಿ ಹಿಡಿದಿದ್ದ. ಫೌಂಡ್ರಿ ಆಫೀಸಿನಲ್ಲಿ ಪಾರ್ಟ್‌ಟೈಮ್ ಮಾಡುವ ಧಾರವಾಡದ ವಿದ್ಯಾರ್ಥಿನಿ ತೃಪ್ತಿ ಮಡಿವಾಳಪ್ಪನ ಹಿಂದೆಯೇ ಇಳಿದಳು.

"ಕಾಕಾ, ಅಲ್ಲೈತಿ ನೋಡ್ರಿ!"

ದಡದ ಮಂಜುಗಡ್ಡೆಯಲ್ಲಿ ಫಲಕ ಅರ್ಧ ಹೂತಿತ್ತು. ಮಡಿವಾಳಪ್ಪ ಹಾರೆಯನ್ನು ಅಡಿಗೆ ತೂರಿಸಿ, ಸಿಟ್ಟೆಲ್ಲ ತೋಳಿಗೆ ತಂದುಕೊಂಡು ಮೀಟಿದ.

ಟಕ್! ಮೂಲೆಯೊಂದು ಮುರಿದು ನೀರಿಗೆ ಜಾರಿತು.

"ನನ್ನ ಕೈಗೆ ಬೆಂಕಿ ಬೀಳ್ಲಿ! ಥಂಡ್ಯಾಗ ಬೀಡು ಕಬ್ಬಿಣ ಒಡೀತೈತಿ ಅಂತ ಎಲ್ಲಾರಿಗೂ ಹೇಳಾಂವ ನಾನ, ಮುರದಾಂವನೂ ನಾನ!"

ಅವನು ನೀರಿಗಿಳಿದೇಬಿಟ್ಟ.

"ಬ್ಯಾಡ್ರಿ ಕಾಕಾ! ಐಸ್ ಥಿನ್ ಐತಿ!"

ಕಾಲಡಿಯ ಗಡ್ಡೆ ಕುಸಿಯಿತು. ಎದೆಮಟ್ಟ ನೀರು. ಉಸಿರು ಕಟ್ಟಿತು. ತಳದ ಕಲ್ಲುಗಳಲ್ಲಿ ತಡಕಾಡಿ ತುಂಡನ್ನು ಹಿಡಿದ. ಸೆಳೆತಕ್ಕೆ ಕಾಲು ತಪ್ಪಿತು. ತೃಪ್ತಿ ಕಿರುಚುತ್ತ ಹಗ್ಗ ಜಗ್ಗಿದಳು, ಮೇಲಿನಿಂದ ಗೆನ್ನಾದಿಯೂ ಜಗ್ಗಿದ.

ದಡಕ್ಕೆ ಬಿದ್ದವನು ಹಾರೆಯನ್ನು ಅತ್ತ ಎಸೆದ. ಮರಳಿನ ಅಚ್ಚಿನಿಂದ ಮರದ ಮಾದರಿ ತೆಗೆಯುವಾಗ ಯಾರೂ ಎಳೆಯುವುದಿಲ್ಲ, ಸುತ್ತಲೂ ಮೆಲ್ಲಗೆ ತಟ್ಟಿ ಸಡಿಲಿಸುತ್ತಾರೆ. ಸೊಂಟಕ್ಕೆ ಸಿಕ್ಕಿಸಿದ್ದ ಮರದ ಸುತ್ತಿಗೆಯಿಂದ ಹಾಗೆಯೇ ತಟ್ಟತೊಡಗಿದ. ಹಲ್ಲು ಕಟಕಟಿಸುತ್ತಿದ್ದವು. ಮುಕ್ಕಾಲು ಗಂಟೆಯ ಮೇಲೆ ಫಲಕ ಅಲುಗಿತು. ಅದನ್ನು ಹಗ್ಗ ಕಟ್ಟಿ ಕಣಿವೆ ಹತ್ತಿಸುವಷ್ಟರಲ್ಲಿ ಮೂವರ ಅಂಗೈಯೂ ಕಿತ್ತುಹೋಗಿತ್ತು.

ಸಂಜೆ ಪಾಳಿಯ ಜನ ಫೌಂಡ್ರಿಯ ಬಾಗಿಲ ಬಳಿ ಸುತ್ತುವರಿದರು. ಗೆನ್ನಾದಿ ಮೊಣಕಾಲೂರಿ ಹೆಸರು ಓದತೊಡಗಿದ.

ಸತ್ಯಪ್ರಕಾಶ್ ಧಾವಿಸಿ ಬಂದ. "ಶಿಫ್ಟ್ ಶುರುವಾಯ್ತು. ಎಲ್ರೂ ಒಳಗೆ ನಡೀರಿ!"

"ಹೆಸರು ಮುಗೀಲಿ," ಎಂದ ಮಡಿವಾಳಪ್ಪ. ನೀರು ತೊಟ್ಟಿಕ್ಕುತ್ತಲೇ ಬಾಗಿಲಿಗೆ ಅಡ್ಡ ನಿಂತ. "ಆಮ್ಯಾಲೆ ಶಿಫ್ಟ್."

ಯಾರೂ ಕದಲಲಿಲ್ಲ. ಒಬ್ಬೊಬ್ಬರಾಗಿ ಹೆಲ್ಮೆಟ್ ತೆಗೆದರು.

ಹನ್ನೊಂದನೆಯ ಹೆಸರಿಗೆ ಗೆನ್ನಾದಿ ಮುರಿದ ತುಂಡನ್ನು ಜೋಡಿಸಿ ಹಿಡಿದ. ಆ ಹೆಸರು ಗಟ್ಟಿಯಾಗಿ ಕೇಳಿಸಿದ ಮೇಲೆಯೇ ಮಡಿವಾಳಪ್ಪ ಬಾಗಿಲು ಬಿಟ್ಟು ಸರಿದ.