ನಲವತ್ತೊಂದನೆಯ ಸಾಲು

ಹತ್ತು ಇಪ್ಪತ್ತಕ್ಕೆ ಪ್ರಣೀತಾ ಎಡಗಡೆಯ ಕಿಟಕಿಯ ಪರದೆ ಸರಿಸಿದಳು. ಮತ್ತೆ ಬಂದು ಕೂತು, ಕಂಪ್ಯೂಟರಿನಲ್ಲಿದ್ದ ಶೀಟಿನ ಕೊನೆಗೆ ಇಳಿದಳು. ಅವಳು ಬರೆಯದ ಒಂದು ಸಾಲು ಅಲ್ಲಿ ಬೆಳಗ್ಗೆಯಿಂದ ಕಾದಿತ್ತು.

"ಹತ್ತು ಇಪ್ಪತ್ತು. ಎಡಗಡೆಯ ಪರದೆ ಸರಿಸುತ್ತಾಳೆ."

ಅವಳು ಮೆಲ್ಲಗೆ ಹಿಂದೆ ತಿರುಗಿ ನೋಡಿದಳು. ಪಕ್ಕದ ಕುರ್ಚಿ ಖಾಲಿಯಿತ್ತು. ಆ ಕುರ್ಚಿಯ ಕೀರ್ತನ್ ಕೆಲಸ ಬಿಟ್ಟುಹೋಗಿ ಆಗಲೇ ಒಂದು ವಾರ.

ಗಲ್ಫಿನ ಅಲ್ ಅಮೇರಾತ್ ಊರಿನ ಟೈಲರ್ ಅಂಗಡಿಯ ಮೇಲಿರುವ ಆ ಆಫೀಸಿನಲ್ಲಿ ನಡೆಯುವ ಕೆಲಸ ಏನೆಂದು ಹೇಳಿದರೆ ಮಂಗಳೂರಿನ ನೆಂಟರು ನಗುತ್ತಾರೆ. ಅಮೆರಿಕದ ಒಂದು ಕಾಲೇಜಿನ ಫುಟ್‌ಬಾಲ್ ತಂಡದ ವಿಡಿಯೋ ನೋಡುವುದು. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ, ಇಲ್ಲವೇ ದೂರಕ್ಕೆ ಎಸೆಯುವ ಆಟ. ಶನಿವಾರ ಅಲ್ಲಿ ಮ್ಯಾಚು, ಭಾನುವಾರ ಬೆಳಗ್ಗೆ ಇಲ್ಲಿ ವಿಡಿಯೋ. ತಂಡದ ದಾಳಿ ಶುರುವಾಗುವ ಹೊತ್ತಿಗೆ ಸರಿಯಾಗಿ ಚಿತ್ರ ನಿಲ್ಲಿಸಬೇಕು. ಈ ಸಲ ಓಟವೋ ಎಸೆತವೋ ಊಹಿಸಿ ಆ ಶೀಟಿನಲ್ಲಿ ಒಂದು ಸಾಲು ಬರೆಯಬೇಕು. ಊಹೆ ನಿಜವಾಗುತ್ತಿದೆಯೆಂದರೆ ಹುಡುಗರು ತಮ್ಮ ಗುಟ್ಟು ತಾವೇ ಬಿಟ್ಟುಕೊಡುತ್ತಿದ್ದಾರೆ ಎಂದರ್ಥ.

ಈ ಕೆಲಸಕ್ಕೆ ಅನಲಿಸ್ಟ್ ಎಂಬ ದೊಡ್ಡ ಹೆಸರು. ಬರೆದದ್ದೆಲ್ಲ ಅಲ್ಲಿನ ಅಸಿಸ್ಟೆಂಟ್ ಕೋಚ್‌ಗೆ ಹೋಗುತ್ತದೆ, ಹುಡುಗರಿಗೆ ಹೇಳುವುದು ಅವನ ಪಾಲಿನ ಕೆಲಸ. ಅನಲಿಸ್ಟ್ ನೋಡಬಹುದು, ಬರೆಯಬಹುದು. ಆಟಗಾರನ ಹತ್ತಿರ ಒಂದು ಮಾತೂ ಆಡುವ ಹಾಗಿಲ್ಲ. ಆ ನಿಯಮವನ್ನು ಕೀರ್ತನ್ ಪ್ರಿಂಟ್ ತೆಗೆದು ತನ್ನ ಮೇಜಿಗೆ ಅಂಟಿಸಿಕೊಂಡಿದ್ದ. ಪುಣ್ಯಾತ್ಮ ಅದನ್ನು ಬದುಕಿಗೂ ಅಂಟಿಸಿಕೊಂಡಿದ್ದ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಎರಡು ವರ್ಷ ಅವನು ಅವಳ ಪಕ್ಕದಲ್ಲಿ ಕೂತಿದ್ದ.

"ಬಲಗಡೆಯವನ ಬೆರಳು ನೋಡು," ಎನ್ನುತ್ತಿದ್ದ. "ನೆಲಕ್ಕೆ ಒತ್ತಿ ಬೆಳ್ಳಗಾಗಿದೆ. ಇದು ಓಟ."

ನಿಲ್ಲಿಸಿದ ವಿಡಿಯೋ ಮುಂದೆ ಓಡಿಸಿದರೆ ಓಟವೇ.

"ಪಾಪ, ಅವನಿಗೆ ಗೊತ್ತುಂಟಾ?"

"ತಮ್ಮದು ತಮಗೆ ಗೊತ್ತಿರುದಿಲ್ಲ ಮಾರಾಯ್ತಿ. ನಿಂದು ನಿಂಗೆ ಗೊತ್ತುಂಟಾ?"

"ನಂದೆಂತ?"

"ಇಷ್ಟ ಇಲ್ಲದ್ದಕ್ಕೆ 'ಆಯ್ತು' ಹೇಳುವಾಗ ನೀನು ಕನ್ನಡಕ ತೆಗ್ದು ಒರೆಸ್ತಿ."

"ಸುಳ್ಳು."

"ನಾಳೆಯಿಂದ ನನ್ನ ಪಾಲಿನ ವಿಡಿಯೋನೂ ನೀನೇ ಮಾಡು."

"ಆಯ್ತು," ಎಂದಳು ಪ್ರಣೀತಾ. ಅಷ್ಟರಲ್ಲೇ ಅವಳ ಕೈ ಕನ್ನಡಕಕ್ಕೆ ಹೋಗಿತ್ತು. ಅವನು ನಗಲಿಲ್ಲ, ಸುಮ್ಮನೆ ನೋಡಿದ. ಆ ನೋಟಕ್ಕೆ ಅವಳ ಕಿವಿ ಬಿಸಿಯಾಯಿತು. ಅವನು ಇನ್ನೇನೋ ಹೇಳುತ್ತಾನೆ ಎಂದು ಕಾದಳು. ಅವನು ತಿರುಗಿ ಮುಂದಿನ ವಿಡಿಯೋ ಹಾಕಿದ.

ಸೆಪ್ಟೆಂಬರಿನಲ್ಲಿ ಒಂದು ದಿನ ಹೇಳದೆ ಕೇಳದೆ ಹೊರಟುಹೋದ. ಫೋನ್ ನಂಬರೂ ಬದಲಾಯಿತು. ಆಮೇಲೆ ಶುರುವಾದವು ಈ ಸಾಲುಗಳು, ದಿನಕ್ಕೊಂದು.

"ಹಿಲ್ಡಾ ತಂದ ನೀರುದೋಸೆ ಒಂದು ತಿಂದು ಹೊಟ್ಟೆ ತುಂಬಿತು ಎನ್ನುತ್ತಾಳೆ." ಆಫೀಸು ನೋಡಿಕೊಳ್ಳುವ ಹಿಲ್ಡಾ ಬಾಯಿಗೆ ಅವಳು ಹಾಗೆ ಹೇಳಿ ಮುಗಿಸಿದ ಮೇಲೆ ಓದಿದಳು. "ಬಾಗಿಲ ತನಕ ಹೋಗಿ ನೀರಿನ ಬಾಟಲಿಗೆ ವಾಪಸ್ ಬರುತ್ತಾಳೆ." ಬಾಟಲಿ ಕೈಯಲ್ಲಿ ಹಿಡಿದು ನಿಂತಾಗ ಓದಿದಳು. ಒಂದು ದಿನ ಶೀಟು ತೆರೆಯದೆ, ಹಟ ಹಿಡಿದು ಚಹಾ ಬಿಟ್ಟು ಕಾಫಿ ತರಿಸಿದಳು. ಅರ್ಧ ಕುಡಿದಳು, ಸೇರಲಿಲ್ಲ. ಆಮೇಲೆ ತೆರೆದು ನೋಡಿದರೆ, "ಇವತ್ತು ಹಟಕ್ಕೆ ಕಾಫಿ. ಅರ್ಧ ಬಿಡುತ್ತಾಳೆ."

ಅವಳಿಗೆ ಹೆದರಿಕೆಯಾಯಿತು. ಹೆದರಿಕೆಯ ಅಡಿಯಲ್ಲಿ ಇನ್ನೊಂದಿತ್ತು: ಪ್ರತಿ ಬೆಳಗ್ಗೆ ಆ ಸಾಲಿಗಾಗಿ ಅವಳು ಕಾಯುತ್ತಿದ್ದಳು. ತನ್ನನ್ನು ಇಷ್ಟು ನೋಡಿದವರು ಜಗತ್ತಿನಲ್ಲಿ ಬೇರೆ ಯಾರಿದ್ದಾರೆ?

ಕೊನೆಗೊಂದು ಗುರುವಾರ ಹಿಲ್ಡಾ ಬಾಯಿಯನ್ನು ಕೇಳಿದಳು.

"ಕೀರ್ತನ್ ಈಗಲೂ ನಮ್ಮ ಶೀಟಲ್ಲಿ ಬರೀತಾನಾ?"

"ಎಂತ ಹೇಳ್ತಿ? ಅವನ ಲಾಗಿನ್ ನಾನೇ ಕ್ಲೋಸ್ ಮಾಡಿದ್ದು, ಅವ ಹೋದ ದಿನವೇ. ಈಗ ಅದ್ರಲ್ಲಿ ಬರೆಯುದು ನೀನೊಬ್ಬಳೇ." ಹಿಲ್ಡಾ ಅವಳ ಮುಖ ನೋಡಿದರು. "ನಿಂಗೆ ಹೇಳ್ಬಾರದು ಅಂತ ಅವ ಆಣೆ ಹಾಕಿಸಿದ್ದ. ಸಾಕು, ಖಲಾಸ್. ದೂರದ ದುಕ್ಮ್‌ನಲ್ಲಿದ್ದಾನೆ, ಕೆಲಸದವರ ಒಂದು ಕ್ಯಾಂಪಿನ ಆಫೀಸಲ್ಲಿ. ಸಹಮ್‌ನ ಸಂಬಂಧದ ಸುದ್ದಿ ಕೇಳಿದ ವಾರವೇ ಹೋದದ್ದು."

ಸಹಮ್‌ನ ಸಂಬಂಧ ಎಂದರೆ ಮನೆಯವರು ಅವಳಿಗೆ ನೋಡಿದ ಅಕ್ಷಿತ್, ಆ ಊರಿನ ಹಾರ್ಡ್‌ವೇರ್ ಅಂಗಡಿಯ ಮ್ಯಾನೇಜರು. ಒಳ್ಳೆಯ ಹುಡುಗ. ತಪ್ಪು ಹುಡುಕಿದರೂ ಸಿಗದು, ಅವಳ ಕಷ್ಟವೂ ಅದೇ. ಸೆಪ್ಟೆಂಬರಿನಲ್ಲೇ ನಿಶ್ಚಯವಾಗಿದ್ದ ಹಾಗೆ, ಮರುದಿನ ನಾಲ್ಕು ಗಂಟೆಗೆ ಅವನೂ ಊರಿನಿಂದ ಬಂದ ಅವನ ತಾಯಿಯೂ ಮನೆಗೆ ಬರುವವರಿದ್ದರು. ಪ್ರಣೀತಾ ಒಂದು ಮಾತು ಹೇಳಿಬಿಟ್ಟರೆ ಮದುವೆ ಗಟ್ಟಿ.

ಶುಕ್ರವಾರ ಬೆಳಗ್ಗೆ ಆರಕ್ಕೆ ಹಾಸಿಗೆಯಲ್ಲೇ ಫೋನಿನಲ್ಲಿ ಶೀಟು ತೆರೆದಳು. ನಲವತ್ತನೆಯ ಸಾಲು ಬಂದಿತ್ತು.

"ನಾಲ್ಕು ಗಂಟೆ. ಆಯ್ತು ಎನ್ನುತ್ತಾಳೆ. ಕನ್ನಡಕ ಒರೆಸುತ್ತಾಳೆ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಳೆದ ವರ್ಷ ಆ ಬೆಳ್ಳಗಿನ ಬೆರಳಿನ ಹುಡುಗನಿಗೆ ಅವಳೇ ಕೋಚ್ ಮೂಲಕ ಪರಿಹಾರ ಬರೆದು ಕಳಿಸಿದ್ದಳು: ಎದುರಾಳಿಗೆ ನಿನ್ನ ಅಭ್ಯಾಸ ಗೊತ್ತಾಗಿದೆ, ಅದೇ ಬೆರಳು ಒತ್ತು, ಆದರೆ ಈ ಸಲ ಓಡಬೇಡ. ಅದೇ ಉಪಾಯ ಈಗ ತನಗೂ ಎಂದುಕೊಂಡು ಎದ್ದು ಅಕ್ಷಿತ್‌ಗೆ ಫೋನ್ ಮಾಡಿದಳು.

"ಇವತ್ತು ಬರ್ಬೇಡಿ. ತಪ್ಪು ನಿಮ್ಮದಲ್ಲ. ನನ್ನ ಮನಸ್ಸು ಬೇರೆ ಕಡೆ ಉಂಟು."

"ಮೊದಲೇ ಹೇಳಿದ್ದು ಒಳ್ಳೇದಾಯ್ತು," ಎಂದ ಅಕ್ಷಿತ್. "ಅಮ್ಮನಿಗೆ ನಾನು ಹೇಳ್ತೇನೆ."

ಅಡುಗೆಮನೆಯಲ್ಲಿ ಅವಳ ತಾಯಿ ವಾರಿಜಾಕ್ಷಿ ರವೆ ಹುರಿಯುತ್ತಿದ್ದರು. ಮಗಳು ದುಕ್ಮ್‌ಗೆ ಹೊರಟದ್ದೂ ಸೇರಿ ಎಲ್ಲ ಕೇಳಿ ಒಲೆ ಆರಿಸಿದರು.

"ಆ ಕೀರ್ತನ್ ನಿನ್ನ ಹತ್ರ ಏನಾದ್ರೂ ಹೇಳಿದ್ದಾನಾ?"

"ಇಲ್ಲ."

"ಮತ್ತೆ ಯಾವ ಧೈರ್ಯದ ಮೇಲೆ ಹೋಗ್ತಿ?"

"ಕೇಳ್ಲಿಕ್ಕೆ ಹೋಗುದು ಅಮ್ಮ. ಇಲ್ಲ ಅಂದ್ರೆ ವಾಪಸ್ ಬರ್ತೇನೆ."

ವಾರಿಜಾಕ್ಷಿ ಹುರಿದ ರವೆಯನ್ನು ಡಬ್ಬಿಗೆ ಸುರಿದರು, ಆಮೇಲೆ ನೀರಿನ ಬಾಟಲಿ ತಂದು ಅವಳ ಚೀಲಕ್ಕೆ ಹಾಕಿದರು.

ಹಿಲ್ಡಾ ಪರಿಚಯದ ಇಸುಬು ದುಕ್ಮ್‌ಗೆ ಕಂಪನಿ ಬಸ್ಸು ಓಡಿಸುವವನು. ತನ್ನ ಹಿಂದಿನ ಸೀಟು ಅವಳಿಗೆ ಬಿಟ್ಟುಕೊಟ್ಟ. ಸಿನಾವ್ ಊರು ದಾಟಿ ಎಷ್ಟೋ ದೂರ ಬಂದ ಮೇಲೆ ಮಂಜು ಶುರುವಾಯಿತು. ಮರುಭೂಮಿಯಲ್ಲಿ ಹಾಡುಹಗಲೇ ಬಿಳಿ ಮಂಜು. ರಸ್ತೆಯ ಬದಿ ಒಂಟೆಗಳು ನಿಂತಿದ್ದವು, ಅವುಗಳ ಕಾಲು ಕಾಣುತ್ತಿರಲಿಲ್ಲ.

"ಇನ್ನು ಅರ್ಧ ಗಂಟೆ ಸಿಗ್ನಲ್ ಇಲ್ಲ ಅಕ್ಕಾ," ಎಂದ ಇಸುಬು.

ಆಗಲೇ ಅವಳ ಫೋನು ಸದ್ದು ಮಾಡಿತು. ಶೀಟಿನಲ್ಲಿ ಹೊಸ ಸಾಲು.

"ನಲವತ್ತೊಂದು. ಮಂಜು. ಇಬ್ಬರೂ ಎದುರುಬದುರು ನಿಲ್ಲುತ್ತಾರೆ. ಇಬ್ಬರೂ ಏನೂ ಹೇಳುವುದಿಲ್ಲ. ಅದೇ ಬಸ್ಸಿನಲ್ಲಿ ವಾಪಸ್ ಹೋಗುತ್ತಾಳೆ."

ಫೋನಿನ ಮೂಲೆಯಲ್ಲಿ ಸಿಗ್ನಲಿನ ಒಂದು ಗೆರೆಯೂ ಇರಲಿಲ್ಲ. ಅವಳು ಅದನ್ನು ಮಡಿಲಲ್ಲಿ ಬೋರಲು ಹಾಕಿ, ದಾರಿಯುದ್ದಕ್ಕೂ ಕೈ ಅದರ ಮೇಲಿಟ್ಟುಕೊಂಡೇ ಕೂತಳು.

ಮಧ್ಯಾಹ್ನ ಎರಡೂವರೆಗೆ ಕ್ಯಾಂಪಿನ ಗೇಟಿನ ಮುಂದೆ ಬಸ್ಸು ನಿಂತಿತು. ಸಮುದ್ರದ ಕಡೆಯಿಂದ ಬಂದ ಮಂಜಿನಲ್ಲಿ ಎದುರಿನ ಕಟ್ಟಡ ಅರ್ಧ ಅಳಿಸಿಹೋಗಿತ್ತು. ಬಸ್ಸಿನವರ ಪಟ್ಟಿ ಹಿಡಿದು ಒಬ್ಬ ಹೊರಗೆ ಬಂದ. ಕೀರ್ತನ್. ಇಳಿಯುವವರ ಹೆಸರಿಗೆ ಗುರುತು ಹಾಕುತ್ತಿದ್ದ ಪೆನ್ನು ಅವಳನ್ನು ಕಂಡು ನಿಂತಿತು.

ಇಬ್ಬರೂ ಎದುರುಬದುರು ನಿಂತರು. ಅವನ ತುಟಿ ಅಲುಗಿತು, ಮಾತು ಬರಲಿಲ್ಲ. ಏಳು ಗಂಟೆ ದಾರಿಯಲ್ಲಿ ಅವಳು ಕಟ್ಟಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಇಸುಬು ಬಸ್ಸನ್ನು ತಿರುಗಿಸತೊಡಗಿದ. ಹೀಗೇ ಬರೆದಿತ್ತಲ್ಲ ಎಂದು ಅವಳಿಗೆ ನೆನಪಾಯಿತು.

ಫೋನು ತೆಗೆದು ಅವನ ಮುಖದೆದುರು ಹಿಡಿದಳು.

"ಎಂತ ಇದು?"

ಅವನು ಓದಿದ. ಮುಖದ ಬಣ್ಣ ಇಳಿಯಿತು. "ಇದು ನಾನು ಬರೆದದ್ದಲ್ಲ."

"ಉಳಿದದ್ದು?"

"ಮೊದಲಿನ ನಲವತ್ತೂ ನಂದು. ಹೊರಡುವ ಹಿಂದಿನ ದಿನ ಒಂದೇ ಕೂತಲ್ಲಿ ಬರೆದೆ. ದಿನಕ್ಕೊಂದು ತಾನೇ ತೆರೆದುಕೊಳ್ಳುವ ಹಾಗೆ ಇಟ್ಟಿದ್ದೆ. ನಿನ್ನನ್ನು ಬಿಟ್ಟು ಹೋಗ್ಲಿಕ್ಕೆ ಆಗ್ಲಿಲ್ಲ, ಅದಕ್ಕೆ. ನಲವತ್ತೊಂದು ನಾನು ಬರೀಲಿಲ್ಲ ಪ್ರಣೀ. ದೇವರಾಣೆ."

ಗಾಳಿ ಒಮ್ಮೆ ಬೀಸಿ ನಿಂತಿತು. ಇಬ್ಬರೂ ಆ ಸಾಲನ್ನೇ ನೋಡಿದರು. ಯಾರು ಬರೆದರು ಎಂದು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

"ಎರಡು ವರ್ಷ ನೋಡಿದಿ," ಎಂದಳು ಪ್ರಣೀತಾ. "ನಾನು ಎಷ್ಟು ದೋಸೆ ತಿಂತೇನೆ ಅಂತ ಗೊತ್ತುಂಟು. ನಿನ್ನ ಒಂದು ಮಾತಿಗೆ ಕಾಯ್ತಿದ್ದೆ ಅಂತ ಗೊತ್ತಾಗ್ಲಿಲ್ಲ. ಎಂತ ಅನಲಿಸ್ಟ್ ನೀನು? ಇನ್ನು ನನ್ನನ್ನು ಬರೀಬೇಡ. ನನ್ನನ್ನೇ ಕೇಳು."

ಅವಳ ಕೈಯಲ್ಲಿದ್ದ ಫೋನು ಮತ್ತೊಮ್ಮೆ ಸದ್ದು ಮಾಡಿತು. ನಲವತ್ತೆರಡನೆಯ ಸಾಲಿರಬೇಕು. ಅವಳು ಪರದೆ ನೋಡದೆ ಅದನ್ನು ಚೀಲದ ತಳಕ್ಕೆ ತುರುಕಿದಳು. ಹಿಂದೆ ಬಸ್ಸಿನ ಹಾರನ್ನು ಕೇಳಿಸಿತು.

ಕೀರ್ತನ್ ಪಟ್ಟಿಯನ್ನು ನೆಲಕ್ಕೆ ಬಿಟ್ಟ. "ನನ್ನ ಜೊತೆ ಇರ್ತೀಯಾ?" ಎಂದ. "ನಂಗೆ ನೀನು ಬೇಕು. ಮೊದಲ ದಿನದಿಂದ ಬೇಕಿತ್ತು. ಹೇಳ್ಲಿಕ್ಕೆ ಹೆದರಿದೆ."

ಮಂಜು ಅವಳ ಕನ್ನಡಕದ ಎರಡೂ ಗಾಜಿಗೆ ಕೂತಿತ್ತು. ಅವನ ಮುಖ ಒಂದು ಮಸುಕು ಬಿಳುಪಾಗಿ ಮಾತ್ರ ಕಾಣುತ್ತಿತ್ತು. ಒರೆಸಿಕೊಂಡರೆ ಚೆನ್ನಾಗಿ ಕಾಣುತ್ತಿತ್ತು. ಅವಳು ಕೈ ಎತ್ತಲಿಲ್ಲ.

"ಆಯ್ತು," ಎಂದಳು.

ಅವನು ಅವಳ ಎರಡೂ ಕೈ ನೋಡುತ್ತ ನಿಂತ. ಅವು ಅಲುಗಲಿಲ್ಲ.